ಬೆನ್ನ ಮೇಲಿನ ತೇಪೆ

ಅರ್ಧ ಬ್ಲೇಡಿನ ಮೂಲೆಯನ್ನು ತೇಪೆಯ ಅಂಚಿನೊಳಕ್ಕೆ ತೂರಿಸಿ ಚಿಕ್ಕಕ್ಕ ಎರಡು ಬದಿಯ ಹೊಲಿಗೆಯನ್ನು ಆಗಲೇ ಬಿಚ್ಚಿ ಮುಗಿಸಿದ್ದಳು. ಮೂರನೆಯ ಬದಿಗೆ ಕೈಹಾಕಿದ್ದಾಗ ನಡುಕೋಣೆಯ ಪರದೆ ಸರಿಸಿಕೊಂಡು ನಾದಿನಿ ಬಂದು ನಿಂತಳು.

"ಏನ್ ಮಾಡ್ತಿದೀಯ?"

"ಹೊಲಿಗೆ ಬಿಚ್ತಿದೀನಿ."

"ಅದು ಕಾಣ್ತಿದೆ, ನಂಗಿನ್ನೂ ಕಣ್ಣು ಹೋಗಿಲ್ಲ. ಒಳಗೆ ಅತ್ತಿಗೆ ಹೆಣ ಇಟ್ಕೊಂಡು ಇಲ್ಲಿ ಅಂಗಡೀಲಿ ಕೂತು ಹೊಲಿಗೆ ಬಿಚ್ತಿದೀಯಲ್ಲ, ಬಂದವರು ಏನಂದ್ಕೊಳ್ತಾರೆ?"

"ಇದು ಅಕ್ಕನ ಕೋಟೇ."

"ಗೊತ್ತು. ಶವಪೆಟ್ಟಿಗೆ ಮೇಲೆ ಹೊದಿಸಿ ಮಣ್ಣು ಮಾಡ್ತೀವಿ ಅಂತ ಮಗ ಹೇಳಿದ್ನಲ್ಲ. ಮಣ್ಣಿಗೆ ಹೋಗೋ ಕೋಟಿಗೆ ರಿಪೇರಿ ಯಾಕೆ ಅಂತ ನಾನು ಕೇಳಿದ್ದು."

ಚಿಕ್ಕಕ್ಕನ ಬಳಿ ಉತ್ತರವಿತ್ತು, ಆದರೆ ನಾದಿನಿಗೆ ಹೇಳುವಂಥದ್ದಲ್ಲ. ನಾದಿನಿಯ ಬಾಯಿಗೆ ಬಿದ್ದ ಮಾತು ಊಟದ ಹೊತ್ತಿಗೆ ಮೂರು ಬೀದಿ ದಾಟಿರುತ್ತದೆ. ಅವಳು ತಲೆ ತಗ್ಗಿಸಿ ಇನ್ನೊಂದು ದಾರ ಕತ್ತರಿಸಿದಳು. ನಾದಿನಿ ಒಂದು ನಿಟ್ಟುಸಿರು ಬಿಟ್ಟು, ಬಂದವರಿಗೆ ಕಾಫಿ ಸಾಲದು ಎಂದು ಗೊಣಗುತ್ತ ಒಳಗೆ ಹೋದಳು.

ಮುಂದಿನ ಕೋಣೆ ಅಂಗಡಿ, ನಡುವಿನದು ಮನೆ, ಹಿಂದಿನದು ಅಡುಗೆಗೆ. ನಡುಕೋಣೆಯಲ್ಲಿ ಈಗ ದೊಡ್ಡಕ್ಕ ಮಲಗಿದ್ದಳು. ನಿನ್ನೆ ಸಂಜೆ ಮಿಷನ್ನಿನ ಮುಂದೆ ಕೂತು ಯಾರದೋ ಜಾಕೆಟ್ಟಿಗೆ ಜಿಪ್ಪು ಹಾಕುತ್ತಿದ್ದವಳು "ಯಾಕೋ ಕೈ ಭಾರ ಅನ್ನಿಸ್ತಿದೆ" ಎಂದು ಗೋಡೆಗೆ ಒರಗಿದ್ದೇ ಕೊನೆ. ಹೃದಯ ನಿಂತಿದೆ ಎಂದರು ಡಾಕ್ಟರು. ಎಪ್ಪತ್ತೊಂದು ವರ್ಷ ಒಂದೂ ರಜೆ ಹಾಕದೆ ನಡೆದ ಹೃದಯ, ಅದನ್ನು ತಪ್ಪು ಅನ್ನುವುದಾದರೂ ಹೇಗೆ.

ಅಣ್ಣನನ್ನು ಮದುವೆಯಾಗಿ ದೊಡ್ಡಕ್ಕ ಈ ಮನೆಗೆ ಬಂದವಳು, ತಮ್ಮನನ್ನು ಮದುವೆಯಾಗಿ ಚಿಕ್ಕಕ್ಕ ಬಂದವಳು. ಓರಗಿತ್ತಿಯರು. ಅಣ್ಣ ತಮ್ಮ ಇಬ್ಬರೂ ಟಿಕೆಟ್ಟಿನ ಸಾಲಿನಲ್ಲಿ ನಿಂತವರಂತೆ ಒಬ್ಬರ ಹಿಂದೆ ಒಬ್ಬರು ಹೊರಟುಹೋದ ಮೇಲೆ ಮನೆಯಲ್ಲಿ ಉಳಿದದ್ದು ಇವರಿಬ್ಬರು ಮತ್ತು ದೊಡ್ಡಕ್ಕನ ಒಬ್ಬನೇ ಮಗ. ಅವನೂ ಮದುವೆಯಾಗಿ ನಾಲ್ಕು ಬೀದಿ ಆಚೆ ಮನೆ ಮಾಡಿದ್ದಾನೆ. ಎರಡು ಜಡೆ ಒಂದೆಡೆ ಸೇರಲ್ಲ ಅನ್ನುತ್ತಾರೆ. ಈ ಎರಡು ಜಡೆ ಮೂವತ್ತನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ನರೆತವು.

ಚಿಕ್ಕಕ್ಕ ಕೋಟನ್ನು ಬೆಳಕಿಗೆ ತಿರುಗಿಸಿದಳು. ಪಾಚಿಬಣ್ಣದ ದಪ್ಪ ಬಟ್ಟೆ, ಮೇಣ ಹಚ್ಚಿದ್ದು. ಅದರ ಬೆನ್ನಿನ ನಟ್ಟನಡುವೆ ಊಟದ ತಟ್ಟೆಯಷ್ಟು ದೊಡ್ಡ ಕಿತ್ತಳೆ ಬಣ್ಣದ ತೇಪೆ. ಇಪ್ಪತ್ತೆಂಟು ವರ್ಷದ ಹಿಂದೆ ಅದನ್ನು ಅಲ್ಲಿ ಹೊಲಿದವಳು ಚಿಕ್ಕಕ್ಕನೇ. ಇವತ್ತು ಮೂರು ಗಂಟೆಗೆ ಮಣ್ಣು ಮಾಡುವ ಮುಂಚೆ ಅದನ್ನು ಕಿತ್ತು, ತುಂಡುಬಟ್ಟೆಯ ಪೆಟ್ಟಿಗೆಯಲ್ಲಿ ಎತ್ತಿಟ್ಟಿರುವ ಹಸಿರು ತುಂಡನ್ನು ಹಾಕಿಬಿಟ್ಟರೆ ಸಾಕು. ಅಕ್ಕನನ್ನು ತನ್ನ ಸೇಡಿನ ಸಮೇತ ಮಣ್ಣಿಗೆ ಕಳಿಸುವುದು ಅವಳಿಗೆ ಬೇಡವಾಗಿತ್ತು.

*

ಇಬ್ಬರೂ ಮೊದಲು ರೇನ್‌ಕೋಟಿನ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ಮುಚ್ಚಿದ ದಿನ ಚಿಕ್ಕಕ್ಕ ಅತ್ತಳು, ದೊಡ್ಡಕ್ಕ ಹಳೆ ಮಿಷನ್ನೊಂದನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದಳು. "ಇಷ್ಟು ವರ್ಷ ನಾವು ಹೊಲಿದ ಕೋಟೆಲ್ಲ ಊರಲ್ಲೇ ಇದಾವಲ್ಲ. ಹರಿದೇ ಹರಿತಾವೆ. ಬರ್ತಾರೆ" ಎಂದಳು.

ಬಂದರು. ಕಂಬ ಹತ್ತುವ ಲೈನ್‌ಮನ್‌ಗಳು, ಅಂಚೆಯವರು, ಹಾಲು ಹಾಕುವವರು, ರಜೆ ಬಂದರೆ ಬೆಟ್ಟ ಹತ್ತುವ ಹುಚ್ಚಿನವರು. ತೋಳು ಕಿತ್ತದ್ದು, ಜಿಪ್ಪು ಬಾಯಿಬಿಟ್ಟದ್ದು, ಟಿಚ್ ಬಟನ್ ಉದುರಿದ್ದು, ಒಳಗಿನ ಟೇಪು ಸುಲಿದು ಹೊಲಿಗೆಯಿಂದ ನೀರು ಸೋರುವುದು. ದೊಡ್ಡಕ್ಕ ಪ್ರತಿ ಕೋಟನ್ನೂ ಮೊದಲು ಮೂಸುತ್ತಿದ್ದಳು. ಪರಿಮಳ ಬಂದರೆ ಗಿರಾಕಿಗೆ ಗ್ರಹಚಾರ ಬಿಡಿಸುತ್ತಿದ್ದಳು.

"ಸೋಪಿನ ಪುಡೀಲಿ ಒಗೆದ್ರಾ?"

"ಹೌದು, ಒಳ್ಳೆ ಪುಡಿ."

"ಹಾಗಿದ್ರೆ ಇದು ಕೋಟಲ್ಲ, ಟವೆಲ್ಲು. ಮೈ ಒರೆಸ್ಕೊಳ್ಳಿ."

ಬೈದ ಮೇಲೆ ಅದನ್ನು ಬರೀ ನೀರಿನಲ್ಲಿ ಮೂರು ಸಲ ಜಾಲಿಸಿ, ನೆರಳಲ್ಲಿ ಒಣಗಿಸಿ, ನೀರು ತಡೆಯಲು ಬೇಕಾದ್ದು ಹಚ್ಚಿ, ನೀರು ಚಿಮುಕಿಸಿ ತೋರಿಸಿಯೇ ಕಳಿಸುವುದು. ಹನಿ ಮುತ್ತಿನಂತೆ ಉರುಳಿ ಬೀಳುವುದನ್ನು ನೋಡಿ ಗಿರಾಕಿ ಬೈಗುಳ ಮರೆಯುತ್ತಿದ್ದ.

ಅಂಗಡಿಗೆ ಒಂದು ಕಟ್ಟಳೆ ಇತ್ತು. ತನ್ನ ಕೋಟನ್ನು ತಾನೇ ರಿಪೇರಿ ಮಾಡಿಕೊಳ್ಳುವಂತಿಲ್ಲ. ತನ್ನ ಬೆನ್ನು ತನಗೆ ಕಾಣದು, ಕೋಟು ಸವೆಯುವುದು ಬೆನ್ನಲ್ಲೇ, ಚೀಲ ಉಜ್ಜುವ ಜಾಗದಲ್ಲಿ. ಆದ್ದರಿಂದ ದೊಡ್ಡಕ್ಕನದು ಚಿಕ್ಕಕ್ಕ ನೋಡಬೇಕು, ಚಿಕ್ಕಕ್ಕನದು ದೊಡ್ಡಕ್ಕ. ಕಟ್ಟಳೆ ಮಾಡಿದವಳು ದೊಡ್ಡಕ್ಕ, ಒಪ್ಪಿದವರು ಇಬ್ಬರೂ.

ಇಪ್ಪತ್ತೆಂಟು ವರ್ಷದ ಹಿಂದೆ ಒಬ್ಬ ಲೈನ್‌ಮನ್ ಕೋಟು ತಂದ. ಭುಜದಲ್ಲಿ ಒಂದೇ ಒಂದು ತೂತು. ಅವತ್ತು ಕೆಲಸ ಕುತ್ತಿಗೆಮಟ್ಟ. ಅವಸರದಲ್ಲಿ ಚಿಕ್ಕಕ್ಕ ತೇಪೆಯನ್ನು ಗುಂಡುಪಿನ್ನು ಚುಚ್ಚಿ ನಿಲ್ಲಿಸಿದಳು. ರವಿಕೆ, ಲಂಗ ಹೊಲಿಯುವವರಿಗೆ ಅದು ತಪ್ಪಲ್ಲ. ಮಳೆಕೋಟಿಗೆ ಮಾತ್ರ ಒಂದೊಂದು ಪಿನ್ನೂ ನೀರಿಗೆ ಒಂದೊಂದು ಬಾಗಿಲು. ಅದಕ್ಕೆಂದೇ ಇವರ ಮೇಜಿನ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಡಬ್ಬವಿತ್ತು. ಕೈ ಅಲ್ಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ದೊಡ್ಡಕ್ಕ ಆ ತೂತುಗಳಿಗೆ ಒಂದೊಂದಾಗಿ ಗೋಂದು ತುಂಬಿದಳು. ಲೈನ್‌ಮನ್ ಬಂದಾಗ ನಾಲ್ಕು ಜನರ ಎದುರು ಕೋಟು ಎತ್ತಿ ಹಿಡಿದು, "ನೋಡಿ ಅಣ್ಣ, ಒಂದು ತೂತು ನಿಮ್ಮದು, ಹನ್ನೆರಡು ನಮ್ಮವಳದ್ದು" ಎಂದಳು.

ಎಲ್ಲರೂ ನಕ್ಕರು. ದೊಡ್ಡಕ್ಕ ತಮಾಷೆಗೇ ಅಂದದ್ದು. ಚಿಕ್ಕಕ್ಕನಿಗೆ ಅದು ಎದೆಗೆ ನಾಟಿತು. ಒಂದು ವಾರ ಮಾತಿಲ್ಲ, ಕತೆಯಿಲ್ಲ. ಅದೇ ವಾರ ದೊಡ್ಡಕ್ಕನ ಕೋಟು ಬೆನ್ನಲ್ಲಿ ಹರಿಯಬೇಕೆ? ಮುನಿಸಿದ್ದರೂ ಕಟ್ಟಳೆ ಕಟ್ಟಳೆಯೇ. ದೊಡ್ಡಕ್ಕ ಕೋಟನ್ನು ತಂದು ಮೇಜಿನ ಚಿಕ್ಕಕ್ಕನ ಬದಿಗಿಟ್ಟು ಹೋದಳು.

ಪೆಟ್ಟಿಗೆಯಲ್ಲಿ ಅದೇ ಪಾಚಿಹಸಿರಿನ ತುಂಡು ಇತ್ತು. ಚಿಕ್ಕಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡಿ ಮತ್ತೆ ಒಳಗಿಟ್ಟಳು. ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಕಿತ್ತಳೆ ಜಾಕೆಟ್ಟನ್ನು ಎಳೆದುಕೊಂಡು ಅದರಿಂದ ಚೌಕವಾಗಿ ಒಂದು ತಟ್ಟೆಯಗಲ ಕತ್ತರಿಸಿದಳು. ನಾಲ್ಕು ಜನರ ಮುಂದೆ ನನ್ನ ತೂತು ಎಣಿಸಿದೆಯಲ್ಲ, ಇಡೀ ಊರೇ ನಿನ್ನ ತೂತು ನೋಡಲಿ ಎಂದು ಒಂದೊಂದು ಹೊಲಿಗೆಯನ್ನೂ ಹಲ್ಲು ಕಚ್ಚಿ ಹಾಕಿದಳು. ಆದರೂ ಕೈ ಕೆಟ್ಟ ಕೆಲಸ ಕಲಿತದ್ದಲ್ಲ. ಹೊಲಿಗೆ ಸಾಸಿವೆ ಸಾಲಿನಂತೆ ಬಂತು.

ದೊಡ್ಡಕ್ಕ ಕೋಟನ್ನು ಎತ್ತಿ ನೋಡಿದಳು. ಬೆರಳಿನಿಂದ ಅಂಚನ್ನು ಸುತ್ತ ಸವರಿದಳು. "ಹೊಲಿಗೆ ಚೆನ್ನಾಗಿದೆ" ಎಂದಳು. ತೊಟ್ಟುಕೊಂಡು ಬೀದಿಗೆ ನಡೆದಳು.

ಮುನಿಸು ಹೋಯಿತು, ತೇಪೆ ಉಳಿಯಿತು. ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳುವ ಧೈರ್ಯ ಚಿಕ್ಕಕ್ಕನಿಗೆ ಬರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮಾತಿಗೆ ಮಾತು ಬಂದಂತೆ, "ಅಕ್ಕ, ಹಸಿರು ತುಂಡು ಸಿಕ್ಕಿದೆ, ಅದನ್ನ ಬದಲಾಯಿಸಿಬಿಡ್ಲಾ?" ಎನ್ನುತ್ತಿದ್ದಳು.

"ಗಟ್ಟಿಯಾಗಿರೋ ತೇಪೇನ ಯಾಕೆ ಕೀಳ್ತೀಯ? ಕಿತ್ತಷ್ಟೂ ತೂತು" ಎನ್ನುತ್ತಿದ್ದಳು ದೊಡ್ಡಕ್ಕ. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಮಳೆಗಾಲದಲ್ಲಿ ಇಬ್ಬರೂ ಮಾರುಕಟ್ಟೆಗೆ ಹೋಗುವಾಗ ದೊಡ್ಡಕ್ಕನದು ಬಿರುಸು ನಡಿಗೆ. ಎರಡು ಹೆಜ್ಜೆ ಹಿಂದೆ ಬರುವ ಚಿಕ್ಕಕ್ಕನ ಕಣ್ಣೆದುರಿಗೆ, ಇಪ್ಪತ್ತೆಂಟು ಮಳೆಗಾಲ, ಆ ಕಿತ್ತಳೆ.

*

ಮಧ್ಯಾಹ್ನ ಒಂದರ ಹೊತ್ತಿಗೆ ಹನಿ ಶುರುವಾಯಿತು. ಬೀದಿ ತುಂಬ ಸಾವಿಗೆ ಬಂದವರ ರೇನ್‌ಕೋಟು. ಅವುಗಳಲ್ಲಿ ಈ ಮೇಜಿನ ಮೇಲೆ ಮಲಗಿ ಎದ್ದುಹೋಗದ ಕೋಟು ಒಂದೂ ಇರಲಿಲ್ಲ. ಆ ಲೈನ್‌ಮನ್ ಈಗ ನಿವೃತ್ತ. ತಲೆ ಬೋಳಾಗಿದೆ, ಕೋಟು ಮಾತ್ರ ಅದೇ. ಅವನು ಶೋಕಕ್ಕೆಂದು ಕಪ್ಪು ರಿಬ್ಬನ್ನಿನ ತುಂಡುಗಳನ್ನೂ ಒಂದು ಪಿನ್ನಿನ ಪೊಟ್ಟಣವನ್ನೂ ತಂದು ಒಬ್ಬೊಬ್ಬರಿಗೂ ಹಂಚಿದ.

ಯಾರೂ ಚುಚ್ಚಿಕೊಳ್ಳಲಿಲ್ಲ. ಒಂದು ಕೈಯಲ್ಲಿ ರಿಬ್ಬನ್, ಇನ್ನೊಂದರಲ್ಲಿ ಪಿನ್ನು, ಪರೀಕ್ಷೆಯಲ್ಲಿ ಉತ್ತರ ಮರೆತವರಂತೆ ನಿಂತರು.

"ಏನ್ರಪ್ಪಾ, ಯಾಕೆ ಹಿಡ್ಕೊಂಡು ನಿಂತ್ರಿ?" ಎಂದ ಲೈನ್‌ಮನ್.

"ನೀವು ಮೊದಲು ಚುಚ್ಕೊಳ್ಳಿ" ಎಂದ ಪಕ್ಕದ ಅಂಗಡಿಯ ಬೀಗದವನು.

ಲೈನ್‌ಮನ್ ಪಿನ್ನನ್ನು ಕೋಟಿನ ಹತ್ತಿರ ಒಯ್ದ. ಕೈ ತಡೆಯಿತು. ನಡುಕೋಣೆಯ ಕಡೆ ಒಂದು ಸಲ ನೋಡಿದ. "ಆಗಲ್ಲಪ್ಪ. ಎದ್ದು ಬಂದು ಬೈತಾರೇನೋ ಅನ್ನಿಸ್ತಿದೆ" ಎಂದ.

ಮೊದಲು ನಕ್ಕವಳು ನಾದಿನಿಯೇ. ನಗುತ್ತಲೇ ಕಣ್ಣೊರೆಸಿಕೊಂಡಳು. ಬೀಗದವನು ಅಂಗಡಿಯೊಳಗೆ ಬಂದು, "ಚಿಕ್ಕಕ್ಕ, ಕ್ಲಿಪ್ಪಿನ ಡಬ್ಬ ಎಲ್ಲಿ?" ಎಂದು ಕೇಳಿದ. ಅವಳು ಗಲ್ಲದಿಂದಲೇ ಮೇಜಿನ ಮೂಲೆ ತೋರಿಸಿದಳು. ಐದು ನಿಮಿಷದಲ್ಲಿ ಬೀದಿಯಲ್ಲಿದ್ದವರೆಲ್ಲರ ಎದೆಯ ಮೇಲೆ ಕೆಂಪು, ನೀಲಿ, ಹಳದಿ ಕ್ಲಿಪ್ಪು, ಅದರ ಬಾಯಲ್ಲಿ ಕಪ್ಪು ರಿಬ್ಬನ್. ದಾರಿಹೋಕರು ನಿಂತು ನೋಡಿದರು, ಕ್ಲಿಪ್ಪು ಸಿಕ್ಕಿಸಿಕೊಂಡವರು ಯಾರೂ ವಿವರಿಸುವ ಗೋಜಿಗೆ ಹೋಗಲಿಲ್ಲ.

ಮಗ ಆ ಹೊತ್ತಿಗೇ ಒಳಬಂದ. ಕೊಡೆಯಿಲ್ಲ, ಕೋಟಿಲ್ಲ, ಬಿಳಿ ಅಂಗಿ ಭುಜದಲ್ಲಿ ಒದ್ದೆ. ಬೆಳಗಿನಿಂದ ಓಡಾಡಿ ಮುಖ ಇಳಿದಿತ್ತು. ಮೇಜಿನ ಮೇಲಿನ ಕೋಟು ನೋಡಿ ನಿಂತುಬಿಟ್ಟ. ಕಿತ್ತಳೆ ತೇಪೆ ಒಂದೇ ಬದಿಗೆ ನೇತುಬಿದ್ದಿತ್ತು.

"ಚಿಕ್ಕಮ್ಮ, ಇದೇನಿದು?"

"ಹಸಿರಿಂದು ಹಾಕ್ತೀನಿ ಕಣೋ. ಇನ್ನು ಅರ್ಧ ಗಂಟೆ. ಕೊನೇ ಸಲ ಹೋಗುವಾಗಲಾದ್ರೂ ನೆಟ್ಟಗೆ ಕಾಣ್ಲಿ."

"ಬೇಡ. ಅದನ್ನ ತೆಗೀಬೇಡ."

"ನಿಂಗೇ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ. ಸ್ಕೂಲಲ್ಲಿ ಹುಡುಗರು ನಿಮ್ಮಮ್ಮ ಸಿಗ್ನಲ್ಲು ಅಂದ್ರು ಅಂತ ಅತ್ಕೊಂಡು ಬಂದಿದ್ದೆ. ನಂಗೆ ನೆನಪಿದೆ."

"ಅತ್ತಿದ್ದು ಒಂದೇ ದಿನ" ಎಂದ ಮಗ. ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಕೂತ. "ಅವತ್ತು ರಾತ್ರಿ ಅಮ್ಮ ಹೇಳಿದ್ಲು. ಮಳೇಲಿ ಸ್ಕೂಲ್ ಗೇಟ್ ಹತ್ರ ಎಲ್ರೂ ಕಪ್ಪು ಕೋಟು, ನೀಲಿ ಕೋಟು ಹಾಕ್ಕೊಂಡು ಬಂದಿರ್ತಾರೆ, ಅಷ್ಟು ಜನದ ಮಧ್ಯೆ ನೀನು ನನ್ನ ಹುಡುಕೋಕೆ ಒದ್ದಾಡಬಾರ್ದು ಅಂತ ಚಿಕ್ಕಮ್ಮ ಈ ಬಣ್ಣ ಹುಡುಕಿ ಹುಡುಕಿ ಹಾಕಿದಾಳೆ ಅಂತ."

ಚಿಕ್ಕಕ್ಕನ ಕೈಯ ಬ್ಲೇಡು ಮೇಜಿನ ಮೇಲೆ ಬಿತ್ತು.

"ಮಾರನೇ ದಿನದಿಂದ ಏನ್ ಮಾಡ್ತಿದ್ಲು ಗೊತ್ತಾ? ಎಲ್ಲಾ ಅಪ್ಪ ಅಮ್ಮಂದಿರು ಗೇಟಿನ ಕಡೆ ಮುಖ ಮಾಡಿ ನಿಂತಿರೋರು. ಇವಳೊಬ್ಳು ಗೇಟಿಗೆ ಬೆನ್ನು ಹಾಕಿ ನಿಲ್ತಿದ್ಲು. ನಂಗೆ ತೇಪೆ ಕಾಣ್ಲಿ ಅಂತ. ನಾನು ಓಡಿಹೋಗಿ ಅದನ್ನ ಮುಟ್ಟಿದ ಮೇಲೇನೇ ಈ ಕಡೆ ತಿರುಗೋದು." ಅಂಗೈಯಿಂದ ಒದ್ದೆ ಮುಖ ಒರೆಸಿಕೊಂಡ. "ಹುಡುಗರಿಗೆಲ್ಲ ಹೇಳ್ಕೊಂಡು ತಿರುಗಿದೀನಿ ನಾನು, ನಮ್ಮ ಚಿಕ್ಕಮ್ಮ ನಂಗೋಸ್ಕರ ಹಾಕಿದ್ದು ಅಂತ. ಅದಕ್ಕೇ ಆ ಕೋಟು ಹೊದಿಸೇ ಕಳಿಸೋಣ ಅಂದಿದ್ದು."

ಚಿಕ್ಕಕ್ಕನಿಗೆ ನೆನಪಿತ್ತು. ಒಂದು ಮಳೆಯ ಸಂಜೆ ಶಾಲೆಯ ಮುಂದೆ ಹಾದು ಬರುವಾಗ ಅಕ್ಕ ಹಾಗೆ ಗೇಟಿಗೆ ಬೆನ್ನು ಕೊಟ್ಟು ನಿಂತದ್ದನ್ನು ಅವಳು ಕಂಡಿದ್ದಳು. ತೇಪೆಯ ನಾಚಿಕೆಗೆ ಯಾರಿಗೂ ಮುಖ ತೋರಿಸದೆ ನಿಂತಿದ್ದಾಳೆ ಎಂದುಕೊಂಡು, ಮೊದಲು ಖುಷಿಪಟ್ಟು, ಆಮೇಲೆ ಅಕ್ಕನನ್ನು ಕೂಗಿ ಕರೆಯಲಾರದೆ, ಬೇರೆ ದಾರಿ ಹಿಡಿದು ಮನೆಗೆ ಬಂದಿದ್ದಳು.

ಸುಮ್ಮನಿದ್ದರೆ ಆಗುತ್ತಿತ್ತು. ಹೋದವಳು ಬಾಯಿ ಬಿಡುವುದಿಲ್ಲ, ಇದ್ದವನು ನಂಬಿದ್ದಾನೆ. ಆದರೆ ಇಪ್ಪತ್ತೆಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದು ಇವತ್ತು ಒಳಗೆ ಹೋಗಲು ಒಪ್ಪಲಿಲ್ಲ.

"ಅದು ಸುಳ್ಳು ಕಣೋ" ಎಂದಳು.

"ಯಾವುದು?"

"ನಾನು ನಿಂಗೋಸ್ಕರ ಹಾಕಿದ್ದಲ್ಲ. ಹಟಕ್ಕೆ ಹಾಕಿದ್ದು. ನಾಲ್ಕು ಜನದ ಮುಂದೆ ಅವಳು ನನ್ನ ಆಡ್ಕೊಂಡ್ಲು ಅಂತ ಸಿಟ್ಟಿತ್ತು. ಹಸಿರು ತುಂಡು ಪೆಟ್ಟಿಗೇಲೇ ಇತ್ತು. ಎಲ್ರೂ ಅವಳನ್ನ ನೋಡಿ ನಗಲಿ ಅಂತಾನೇ ಹಾಕ್ದೆ."

ಮಗ ಅವಳನ್ನೇ ನೋಡಿದ. ಹೊರಗೆ ಬೀಗದವನು ಯಾರಿಗೋ ಕುರ್ಚಿ ಸರಿಸುವ ಸದ್ದು ಕೇಳಿಸಿತು.

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಪೆಟ್ಟಿಗೆ ಜೋಡಿಸಿಡ್ತಿದ್ದವಳೇ ಅವಳು."

ಅವನು ಎದ್ದ. ಬಾಗಿಲ ಬಳಿ ನಿಂತು, ತಿರುಗದೆಯೇ, "ಎರಡೂವರೆಗೆ ಗಾಡಿ ಬರುತ್ತೆ" ಎಂದು ಹೊರಗೆ ಹೋದ.

ಅಕ್ಕನನ್ನೂ ಕಳೆದುಕೊಂಡಾಯಿತು, ಅಕ್ಕ ಜೋಪಾನ ಮಾಡಿ ಉಳಿಸಿಕೊಟ್ಟಿದ್ದ ಮಗನನ್ನೂ ಒಂದು ದಿನ ಕಳೆಯುವುದರೊಳಗೆ ಕಳೆದುಕೊಂಡಾಯಿತು ಎಂದು ಚಿಕ್ಕಕ್ಕನಿಗೆ ಅನ್ನಿಸಿತು. ಅತ್ತಳು. ಬೆಳಗಿನಿಂದ ಬಾರದೆ ಇದ್ದ ಅಳು ಈಗ ಹೆಗಲು ಕುಲುಕುವಂತೆ ಬಂತು. ನಂತರ ಸೆರಗಿನಿಂದ ಮುಖ ಒರೆಸಿ, ಸೂಜಿಗೆ ದಾರ ಪೋಣಿಸಿ, ಕಿತ್ತಳೆ ತೇಪೆಯನ್ನು ಮೊದಲಿದ್ದ ಜಾಗಕ್ಕೇ ಕೂರಿಸಿ ಹೊಲಿಯತೊಡಗಿದಳು. ಹೊಸ ತೂತು ಬೀಳದಂತೆ ಹಳೆಯ ತೂತುಗಳಲ್ಲೇ ಸೂಜಿ ಹೋಗಬೇಕು. ಕಣ್ಣು ಮಂಜಾಗಿ ಆ ತೂತುಗಳೇ ಕಾಣಿಸುತ್ತಿರಲಿಲ್ಲ, ಬೆರಳಿಗೆ ಕಾಣಿಸುತ್ತಿದ್ದವು. ಕೊನೆಗೆ ಮೇಣದ ಉಂಡೆಯನ್ನು ಹೊಲಿಗೆಯ ಮೇಲೆ ತಿಕ್ಕಿ, ಹತ್ತಿಬಟ್ಟೆ ಹಾಸಿ, ಬೆಚ್ಚಗಿನ ಇಸ್ತ್ರಿಪೆಟ್ಟಿಗೆ ಆಡಿಸುವ ಹೊತ್ತಿಗೆ ಗಾಡಿಯ ಹಾರನ್ನು ಕೇಳಿಸಿತು. ನಾದಿನಿ ಬಂದು ಕೋಟನ್ನು ಅವಳ ಕೈಯಿಂದ ಹೆಚ್ಚುಕಮ್ಮಿ ಕಿತ್ತುಕೊಂಡೇ ಹೋದಳು.

*

ಗುಂಡಿಯ ಬಳಿ ಮಣ್ಣು ಕೆಸರಾಗಿತ್ತು. ಮಳೆ ಈಗ ಚೆನ್ನಾಗಿಯೇ ಹಿಡಿದಿತ್ತು. ಶವಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಲು ಬೀಗದವನು, ಲೈನ್‌ಮನ್, ಇನ್ನಿಬ್ಬರು ಸಿದ್ಧರಾಗಿ ನಿಂತಿದ್ದರು. ಪೆಟ್ಟಿಗೆಯ ಮೇಲೆ ಹೊದಿಸಿದ್ದ ಕೋಟಿನ ಮೇಲೆ ಹನಿಗಳು ಬಿದ್ದು, ಒಂದು ಕ್ಷಣ ದುಂಡಗೆ ನಿಂತು, ಜಾರಿ ಹೋಗುತ್ತಿದ್ದವು. ಮಗನ ಅಂಗಿ ನೆನೆದು ಬೆನ್ನಿಗಂಟಿತ್ತು. ಮನೆಯಿಂದ ಇಲ್ಲಿಯವರೆಗೆ ಅವನು ಚಿಕ್ಕಕ್ಕನ ಮುಖ ನೋಡಿರಲಿಲ್ಲ.

"ಕೋಟು ಒಳಗೇ ಹೋಗ್ಬೇಕಾ, ಹೇಗೆ?" ಎಂದು ಲೈನ್‌ಮನ್ ಮೆಲ್ಲಗೆ ಕೇಳಿದ. "ತಪ್ಪು ತಿಳೀಬೇಡಪ್ಪ. ಇನ್ನೂ ಹತ್ತು ವರ್ಷ ಬಾಳೋ ಮಾಲು. ನಿಮ್ಮಮ್ಮ ಇದ್ದಿದ್ರೆ ಇದಕ್ಕೆ ಒಪ್ತಿರ್ಲಿಲ್ಲ."

"ನಿಮ್ಮಮ್ಮ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ" ಎಂದು ನಾದಿನಿ ಗದರಿದಳು.

ಮಗ ಬಗ್ಗಿ ಕೋಟಿನ ಮೇಲೆ ಅಂಗೈ ಆಡಿಸಿದ. ನೀರು ಸರಿಯಿತು. ಕೆಳಗಿನ ಬಟ್ಟೆ ಒಣಗಿಯೇ ಇತ್ತು. ಕೈ ತೇಪೆಯ ಅಂಚಿಗೆ ಬಂದಾಗ ನಿಂತಿತು. ಹೊಸ ದಾರವನ್ನು ಬೆರಳಿನಿಂದ ಸುತ್ತ ಸವರಿದ.

ಚಿಕ್ಕಕ್ಕ ಆ ಕೈಯನ್ನೇ ನೋಡುತ್ತಿದ್ದಳು. ಹರಿದು ಬಿಸಾಡಿದರೂ ಸರಿ, ಅಕ್ಕನ ಜೊತೆ ಹೂತರೂ ಸರಿ, ಈ ಹುಡುಗ ಒಂದು ಮಾತಾಡಿದರೆ ಸಾಕು.

ಅವನು ಕೋಟನ್ನು ಎತ್ತಿಕೊಂಡ. ಒಂದು ಸಲ ಕೊಡವಿದ. ಎಲ್ಲರೂ ನೋಡುತ್ತಿದ್ದಂತೆ ಒಂದು ತೋಳು ತೂರಿಸಿದ, ಇನ್ನೊಂದನ್ನೂ ತೂರಿಸಿದ. ತೋಳು ನಾಲ್ಕು ಬೆರಳು ಗಿಡ್ಡ, ಎದೆಯ ಟಿಚ್ ಬಟನ್ ಒಂದಕ್ಕೊಂದು ಮುಟ್ಟಲಿಲ್ಲ. ಹಗ್ಗ ಹಿಡಿದವರಿಗೆ ತಲೆಯಾಡಿಸಿದ. ದೊಡ್ಡಕ್ಕ ಮೆಲ್ಲಗೆ ಕೆಳಗಿಳಿದಳು. ಅವನು ಸನಿಕೆ ಕೈಗೆತ್ತಿಕೊಂಡು, ಚಿಕ್ಕಮ್ಮನಿಗೆ ಬೆನ್ನು ಮಾಡಿ ನಿಂತು, ಮೊದಲ ಮಣ್ಣು ಹಾಕಿದ.

ಮಳೆಯಲ್ಲಿ ನಿಂತ ಅಷ್ಟೂ ಕಪ್ಪು ನೀಲಿ ಕೋಟುಗಳ ನಡುವೆ ಅವನ ಬೆನ್ನು ಉರಿಯುತ್ತಿತ್ತು. ಎರಡನೆಯ ಸನಿಕೆ, ಮೂರನೆಯದು. ಬಗ್ಗಿ ಎದ್ದಾಗಲೆಲ್ಲ ತೇಪೆಯ ಸುತ್ತ ಬಟ್ಟೆ ಬಿಗಿಯಿತು. ಹೊಲಿಗೆ ಜಗ್ಗಲಿಲ್ಲ. ಆದರೆ ಎಡ ಅಂಚಿನಲ್ಲಿ, ಅವಸರಕ್ಕೆ ಕತ್ತರಿಸಲು ಮರೆತ ಒಂದು ಗೇಣು ದಾರ ಒದ್ದೆಯಾಗಿ ನೇತಾಡುತ್ತಿತ್ತು.

ಚಿಕ್ಕಕ್ಕ ಕೆಸರಿನಲ್ಲಿ ಕಾಲೂರಿಕೊಂಡು ಹತ್ತಿರ ಹೋದಳು. ಅವನ ಹೆಗಲ ಮೇಲೆ ಕೈಯಿಟ್ಟಳು.

"ತಡಿ. ಅಲ್ಲಾಡ್ಬೇಡ."

ಸನಿಕೆ ಅರ್ಧದಲ್ಲೇ ನಿಂತಿತು. ಅವಳಿಗೆ ಎಟುಕಲೆಂದು ಅವನು ಮೊಣಕಾಲು ಮಡಿಸಿ ಬೆನ್ನನ್ನು ಒಂದಿಷ್ಟು ತಗ್ಗಿಸಿಕೊಟ್ಟ. ಅವಳು ಬಗ್ಗಿ, ಮುಖವನ್ನು ಆ ಕಿತ್ತಳೆಗೆ ತಾಗಿಸಿ, ದಾರವನ್ನು ಹೊಲಿಗೆಯ ಬುಡದಲ್ಲೇ ಹಲ್ಲಿನಿಂದ ಕಡಿದಳು.